ಟ್ರೈಅಜೋಲಾ, ಸ್ಟ್ರೋಬಿಲುರಿನ್ನಾ, ಎಸ್‌ಡಿಎಚ್‌ಐನಾ? ಶಿಲೀಂಧ್ರ ರೋಗಕ್ಕೆ ಔಷಧಿ ಆರಿಸೋದು ಹೇಗೆ

ಬೆಳೆಗೆ ಫಂಗಸ್ ರೋಗ ಬಂದ ತಕ್ಷಣ ಎಲ್ಲರೂ ಕೇಳೋದು ಒಂದೇ, ಯಾವ ಔಷಧಿ ಹೊಡೀಲಿ ಅಂತ. ಹಳೇ ಟ್ರೈಅಜೋಲ್ ಸಾಕಾ, ಸ್ವಲ್ಪ ಜಾಸ್ತಿ ದುಡ್ಡು ಹಾಕಿ ಸ್ಟ್ರೋಬಿಲುರಿನ್ ತಗೊಳ್ಳೋದಾ, ಈಗೀಗ ಎಲ್ಲರ ಬಾಯಲ್ಲೂ ಇರೋ ಎಸ್‌ಡಿಎಚ್‌ಐ ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಮಾಡುತ್ತಾ, ಇಲ್ಲಾ ಎರಡು ಸೇರಿಸಿರೋ ರೆಡಿಮಿಕ್ಸ್ ತಗೊಂಡ್ಬಿಟ್ರೆ ಯೋಚನೆನೇ ಬೇಡ್ವಾ. ಇದಕ್ಕೆ ಒಂದೇ ಮಾತಲ್ಲಿ "ಇದೇ ಬೆಸ್ಟ್" ಅನ್ನೋರನ್ನ ನಂಬಬೇಡಿ. ಈ ಔಷಧಿಗಳಲ್ಲಿ ಬಹಳಷ್ಟು ಶಿಲೀಂಧ್ರದ ಒಂದೇ ಒಂದು ಕಿಣ್ವವನ್ನ (ಜೀವಕೋಶದೊಳಗೆ ಒಂದೊಂದು ಕೆಲಸ ನಡೆಸಿಕೊಡೋ ಪ್ರೋಟೀನ್) ಹಿಡಿದು ಅದರ ಕೆಲಸ ನಿಲ್ಲಿಸೋ ರಾಸಾಯನಿಕಗಳು, ಆ ಕಿಣ್ವ ನಿಮ್ಮ ಬೆಳೆಯ ರೋಗಾಣುವಿಗೆ ಬೇಕೇ ಬೇಕಾ, ಬೇಕಾದ್ರೂ ಯಾವ ಹಂತದಲ್ಲಿ ಬೇಕು, ಅನ್ನೋದರ ಮೇಲೆ ಎಲ್ಲಾ ನಿಂತಿರುತ್ತೆ. ಡಬ್ಬಿ ಮೇಲಿನ ಹೆಸರು ಬದಲಾದ ಮಾತ್ರಕ್ಕೆ ಔಷಧಿ ಬದಲಾಗಲ್ಲ, ಒಳಗಡೆ ಯಾವ ಕಿಣ್ವಕ್ಕೆ ಹೊಡೆತ ಬೀಳ್ತಿದೆ ಅನ್ನೋದು ಬದಲಾದ್ರೆ ಮಾತ್ರ ಔಷಧಿ ಬದಲಾದ ಹಾಗೆ.

ಕೊಳ್ಳೋಕೆ ಮುಂಚೆ ಏನೇನು ನೋಡ್ಬೇಕು

ಮೊದಲನೇದು, ಎಲ್ಲಕ್ಕಿಂತ ದೊಡ್ಡದು, ರೋಗ ತಂದಿರೋದು ಯಾರು ಅನ್ನೋದು. ಬೂದಿ ರೋಗ, ತುಕ್ಕು ರೋಗ, ಚಿಬ್ಬು ರೋಗ, ಬಹುತೇಕ ಎಲೆಚುಕ್ಕೆ ರೋಗಗಳು ನಿಜವಾದ ಶಿಲೀಂಧ್ರದಿಂದ ಬರೋವು. ಆದ್ರೆ ಡೌನಿ ಮಿಲ್ಡ್ಯೂ, ಆಲೂಗಡ್ಡೆ ಟೊಮೆಟೊಗೆ ಬರೋ ತಡ ಅಂಗಮಾರಿ, ಫೈಟಾಫ್ತೊರಾ ಕೊಳೆ, ಸಸಿಮಡಿಯಲ್ಲಿ ಪಿಥಿಯಂನಿಂದ ಸಸಿ ಸಾಯೋದು, ಇವೆಲ್ಲ ಊಮೈಸೀಟ್ ಅನ್ನೋ ಬೇರೆ ಗುಂಪಿನ ಜೀವಿಗಳ ಕೆಲಸ. ನೋಡೋಕೆ ಫಂಗಸ್ ಥರಾನೇ ಕಾಣುತ್ತೆ, ವಂಶದ ಲೆಕ್ಕದಲ್ಲಿ ಕಂದು ಪಾಚಿಗೆ ಹತ್ತಿರ. ಇವುಗಳ ಕೋಶದ ಗೋಡೆಯಲ್ಲಿ ಮುಖ್ಯವಾಗಿ ಇರೋದು ಸೆಲ್ಯುಲೋಸ್, ಶಿಲೀಂಧ್ರದ ಗೋಡೆಯಲ್ಲಿರೋ ಕೈಟಿನ್ ಅಲ್ಲ, ಎರ್ಗೋಸ್ಟೆರಾಲ್ ಅನ್ನೋ ಕೊಬ್ಬನ್ನೂ ಇವು ತಯಾರಿಸಲ್ಲ. ಹಾಗಾಗಿ ಎರ್ಗೋಸ್ಟೆರಾಲ್ ತಯಾರಿ ನಿಲ್ಲಿಸೋ ಔಷಧಿ ತಂದು ಡೌನಿಗೆ ಹೊಡೆದ್ರೆ ಅದು ನಿಲ್ಲಿಸೋಕೆ ಅಲ್ಲಿ ಏನೂ ಇರಲ್ಲ, ದುಡ್ಡು ನೀರಿಗೆ ಹಾಕಿದ ಹಾಗೇ.

ಗುರುತು ಹಿಡಿಯೋದು ಕಷ್ಟ ಇಲ್ಲ. ಬೆಳಗ್ಗೆ ಇಬ್ಬನಿ ಇರೋವಾಗ ದ್ರಾಕ್ಷಿ ಎಲೆನೋ ಸೌತೆ ಎಲೆನೋ ಒಂದು ಕಿತ್ಕೊಂಡು ನೋಡಿ. ಮೇಲ್ಗಡೆ ಬಿಳಿ ಪುಡಿ ಉದುರಿಸಿದಂಗೆ ಇದ್ದು ಹೆಬ್ಬೆರಳಲ್ಲಿ ಉಜ್ಜಿದ್ರೆ ಒರೆಸ್ಕೊಂಡು ಬಂದು ಕೆಳಗೆ ಹಸಿರು ಕಂಡ್ರೆ ಅದು ಬೂದಿ ರೋಗ. ಮೇಲ್ಗಡೆ ಎಣ್ಣೆ ಬಿದ್ದಂಗೆ ಹಳದಿ ಮಚ್ಚೆ, ಅದೇ ಜಾಗದಲ್ಲಿ ಎಲೆ ತಿರುಗಿಸಿ ನೋಡಿದ್ರೆ ಕೆಳಗಡೆ ಬೂಜು ಇದ್ರೆ ಅದು ಡೌನಿ. ಸೌತೆ ಜಾತಿಯಲ್ಲಿ ಈ ಮಚ್ಚೆ ಎಲೆ ನರಗಳ ಮಧ್ಯೆ ಸಿಕ್ಕಿ ಮೂಲೆ ಮೂಲೆಯಾಗಿರುತ್ತೆ, ಬೂಜೂ ಬೂದು ನೇರಳೆ ಬಣ್ಣಕ್ಕೆ ತಿರುಗಿರುತ್ತೆ. ಅನುಮಾನ ಇದ್ರೆ ಆ ಎಲೆಯನ್ನ ಒದ್ದೆ ಪೇಪರ್ ಜೊತೆ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಒಂದು ರಾತ್ರಿ ಇಡಿ, ಬೆಳಗ್ಗೆ ಕೆಳಗಿನ ಬೂಜು ಎದ್ದು ಕಾಣುತ್ತೆ.

ಎರಡನೇದು ಸಮಯ. ರೋಗ ಇನ್ನೂ ಬಂದಿಲ್ಲ, ಬರೋ ಹವಾ ಇದೆ ಅಷ್ಟೆ ಅಂದ್ರೆ ಒಂದು ಥರ ಔಷಧಿ, ಸೋಂಕು ತಗುಲಿ ಒಂದೆರಡು ದಿನ ಆಗಿದೆ ಅಂದ್ರೆ ಬೇರೆ. ಎಲೆ ಪೂರ್ತಿ ಸುಟ್ಟು ಹೋದ್ಮೇಲೆ ಯಾವ ಗುಂಪಿನದ್ದು ತಂದ್ರೂ ಆ ಎಲೆ ವಾಪಸ್ ಬರಲ್ಲ, ಹೊಸ ಎಲೆ ಉಳಿಸ್ಕೊಳ್ಳಬಹುದು ಅಷ್ಟೆ.

ಮೂರನೇದು ರೆಸಿಸ್ಟೆನ್ಸ್, ಅಂದ್ರೆ ಫಂಗಸ್ಸು ಔಷಧಿಗೆ ಬಗ್ಗದೇ ಇರೋ ಹಾಗೆ ಆಗೋದು. ಒಂದೇ ಕಿಣ್ವಕ್ಕೆ ಗುರಿ ಇಟ್ಟ ಔಷಧಿಗೆ ಇದರ ಭಯ ಜಾಸ್ತಿ, ಆ ಕಿಣ್ವದ ಆಕಾರ ಒಂದು ಚೂರು ಬದಲಾದ್ರೆ ಔಷಧಿ ಅಲ್ಲಿ ಕೂರಲ್ಲ. ಇದಕ್ಕೇ ಅಂತ 1981ರಲ್ಲಿ ಶುರುವಾದ ಫ್ರಾಕ್ ಅನ್ನೋ ಸಮಿತಿ ಪ್ರತಿ ಗುಂಪಿಗೂ ಒಂದು ಕೋಡ್ ಕೊಟ್ಟಿದೆ, ಟ್ರೈಅಜೋಲ್ 3, ಎಸ್‌ಡಿಎಚ್‌ಐ 7, ಸ್ಟ್ರೋಬಿಲುರಿನ್ 11, ಹೀಗೆ. ಕೆಲವು ಕಡೆ ಲೇಬಲ್ ಮೇಲೇ ಇರುತ್ತೆ, ಇಲ್ಲದಿದ್ರೆ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರೋ ಟೆಕ್ನಿಕಲ್ ಹೆಸರು ಹಾಕಿ ಹುಡುಕಿದ್ರೆ ಸಿಗುತ್ತೆ. ಈ ನಂಬರ್ ಒಂದು ಚೀಟಿಲಿ ಬರೆದಿಟ್ಕೊಳ್ಳಿ, ಮುಂದೆ ಇದೇ ಬೇಕಾಗೋದು.

ಉಳಿದಿದ್ದು ಮೂರು. ಕೊನೇ ಸಿಂಪಡಣೆಗೂ ಕೊಯ್ಲಿಗೂ ಮಧ್ಯೆ ಎಷ್ಟು ದಿನ ಬಿಡ್ಬೇಕು ಅನ್ನೋದು, ಔಷಧಿ ಬೆಳೆಗೇ ಏನಾದ್ರೂ ಮಾಡುತ್ತಾ ಅನ್ನೋದು, ಆಮೇಲೆ ದುಡ್ಡು. ದುಡ್ಡಿನ ಲೆಕ್ಕ ಹಾಕೋವಾಗ ಡಬ್ಬಿ ರೇಟ್ ನೋಡ್ಬೇಡಿ, ಒಂದು ಸಲಕ್ಕೆ ಎಷ್ಟು ಹಿಡಿಯುತ್ತೆ, ಅದು ಎಷ್ಟು ದಿನ ತಡ್ಕೊಳ್ಳುತ್ತೆ, ಬೆಳೆ ಮುಗಿಯೋವರೆಗೆ ಎಷ್ಟು ಸಲ ಹೊಡೀಬೇಕಾಗುತ್ತೆ, ಕೂಲಿ ಎಷ್ಟು, ಎಲ್ಲಾ ಸೇರಿಸಿ ನೋಡಿ.

ಟ್ರೈಅಜೋಲ್‌ಗಳು, ಕೋಡ್ 3

ಪ್ರೊಪಿಕೊನಜೋಲ್, ಟೆಬುಕೊನಜೋಲ್, ಹೆಕ್ಸಾಕೊನಜೋಲ್, ಡೈಫೆನೊಕೊನಜೋಲ್, ಮೈಕ್ಲೋಬ್ಯುಟಾನಿಲ್, ಇವೆಲ್ಲ ಒಂದೇ ಮನೆಯವು. ಶಿಲೀಂಧ್ರದ ಕೋಶದ ಪೊರೆಗೆ ಎರ್ಗೋಸ್ಟೆರಾಲ್ ಬೇಕು, ಅದನ್ನ ತಯಾರಿಸೋ ದಾರಿಯಲ್ಲಿ ಸಿವೈಪಿ51 ಅಂತ ಒಂದು ಕಿಣ್ವ ಇದೆ, ಟ್ರೈಅಜೋಲ್ ಹೋಗಿ ಅಲ್ಲಿ ಅಡ್ಡ ಕೂರುತ್ತೆ. ಎರ್ಗೋಸ್ಟೆರಾಲ್ ಕಮ್ಮಿ ಆಗೋದು ಒಂದು, ಅರ್ಧಕ್ಕೆ ನಿಂತ ಸ್ಟೆರಾಲ್‌ಗಳು ಪೊರೆಯಲ್ಲಿ ತುಂಬ್ಕೊಂಡು ಅದನ್ನ ಹಾಳು ಮಾಡೋದು ಇನ್ನೊಂದು, ಎರಡೂ ಸೇರಿ ಶಿಲೀಂಧ್ರದ ಎಳೆ ಬೆಳೆಯೋದು ನಿಲ್ಲುತ್ತೆ.

ಇದರ ದೊಡ್ಡ ಲಾಭ ಎಲೆಯೊಳಗೆ ಇಳಿಯೋದು. ಸೋಂಕು ತಗುಲಿ ಎರಡು ಮೂರು ದಿನದೊಳಗೆ ಹೊಡೆದ್ರೂ ಒಳಗೆ ಹಬ್ಬೋದನ್ನ ತಡೆಯುತ್ತೆ, ಅದಕ್ಕೇ ಬೂದಿ ತುಕ್ಕು ಎಲೆಚುಕ್ಕೆಗೆ ಇಷ್ಟು ವರ್ಷ ಆದ್ರೂ ಜನ ಇದನ್ನ ಬಿಟ್ಟಿಲ್ಲ. ಆದ್ರೆ ಬೀಜಕ (ಫಂಗಸ್ಸು ಹರಡೋ ಬೀಜದಂಥ ಕಣ) ಮೊಳೆಯೋದನ್ನ ಇದು ತಡೆಯಲ್ಲ, ಯಾಕಂದ್ರೆ ಮೊದಲ ಒಂದೆರಡು ಹೆಜ್ಜೆಗೆ ಬೇಕಾದಷ್ಟು ಎರ್ಗೋಸ್ಟೆರಾಲ್ ಬೀಜಕದ ಒಳಗೇ ಇರುತ್ತೆ. ಮತ್ತೆ ಇದು ಗಿಡದಲ್ಲಿ ನೀರಿನ ಜೊತೆ ಮೇಲಕ್ಕೆ ಮಾತ್ರ ಹೋಗುತ್ತೆ, ಕೆಳಗಿನ ಎಲೆಗೆ ಇಳಿದು ಬರಲ್ಲ, ಹಾಗಾಗಿ ಮೇಲೆ ಮೇಲೆ ಹೊಡೆದು ಕೆಳಗಿನದು ತಾನಾಗೇ ಸರಿಹೋಗುತ್ತೆ ಅಂದ್ಕೊಂಡ್ರೆ ಆಗಲ್ಲ.

ರೆಸಿಸ್ಟೆನ್ಸ್ ವಿಷಯದಲ್ಲಿ ಇದರ ನಡತೆ ನಿಧಾನ. ಒಂದೇ ಸಲಕ್ಕೆ ಕೈ ಕೊಡಲ್ಲ, ಸಿವೈಪಿ51 ಒಂದೊಂದಾಗಿ ಬದಲಾಗ್ತಾ, ಕೆಲವು ಸಲ ಫಂಗಸ್ ಆ ಕಿಣ್ವವನ್ನೇ ಜಾಸ್ತಿ ತಯಾರಿಸ್ಕೊಂಡು, ಇಲ್ಲಾ ಔಷಧಿಯನ್ನ ಕೋಶದಿಂದ ಹೊರಗೆ ತಳ್ಕೊಂಡು, ವರ್ಷದಿಂದ ವರ್ಷಕ್ಕೆ ಕೆಲಸ ಕಮ್ಮಿ ಆಗ್ತಾ ಬರುತ್ತೆ. ಡೋಸ್ ಕಮ್ಮಿ ಮಾಡಿ ಪದೇ ಪದೇ ಹೊಡಿಯೋದು ಇದಕ್ಕೆ ದಾರಿ ಮಾಡಿಕೊಟ್ಟಂಗೆ, ದುಡ್ಡು ಉಳಿಸೋಕೆ ಅಂತ ಅರ್ಧ ಡೋಸ್ ಹಾಕೋರು ಇದನ್ನ ಯೋಚನೆ ಮಾಡ್ಲೇಬೇಕು.

ಬೆಳೆ ಮೇಲೆ ಇದರ ಪರಿಣಾಮ ಗಿಡ ಗಿಡ್ಡ ಆಗೋದು. ಗಿಡವನ್ನ ಉದ್ದ ಬೆಳೆಸೋ ಜಿಬ್ಬರೆಲಿನ್ ಹಾರ್ಮೋನ್ ತಯಾರಿಸೋ ದಾರಿಯಲ್ಲೂ ಇದೇ ಜಾತಿಯ ಕಿಣ್ವ ಇದೆ, ಗಿಡದ ಬೆಳವಣಿಗೆ ತಡೆಯೋಕೆ ಬಳಸೋ ಪ್ಯಾಕ್ಲೋಬ್ಯುಟ್ರಜೋಲ್ ಕೂಡ ಒಂದು ಟ್ರೈಅಜೋಲೇ. ಎಳೇ ಸೌತೆ ಕಲ್ಲಂಗಡಿ ಗಿಡಕ್ಕೆ ಡೋಸ್ ಜಾಸ್ತಿ ಆದ್ರೆ ಎಲೆ ಚಿಕ್ಕದಾಗಿ ಕಡು ಹಸಿರಾಗಿ ಗೆಣ್ಣು ಹತ್ತಿರ ಹತ್ತಿರ ಬರೋದು ಇದರಿಂದ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನ್ಸುತ್ತೆ. ಮನುಷ್ಯರಿಗೆ ಶ್ವಾಸಕೋಶದಲ್ಲಿ ಫಂಗಸ್ ಆದಾಗ ಡಾಕ್ಟರ್ ಕೊಡೋ ಇಟ್ರಾಕೊನಜೋಲ್, ವೊರಿಕೊನಜೋಲ್ ಕೂಡ ಇದೇ ಸಿವೈಪಿ51 ಮೇಲೆ ಕೆಲಸ ಮಾಡೋದು. ಕೊಳೆಯೋ ಕಸದಲ್ಲಿ ಬೆಳೆಯೋ ಆಸ್ಪರ್ಜಿಲ್ಲಸ್ ಫ್ಯೂಮಿಗೇಟಸ್ ಅನ್ನೋ ಶಿಲೀಂಧ್ರ ಹೊಲದ ಟ್ರೈಅಜೋಲ್‌ಗೆ ಒಗ್ಗಿಕೊಂಡು, ಆಮೇಲೆ ರೋಗಿಗಳಲ್ಲೂ ಔಷಧಿಗೆ ಬಗ್ಗದೇ ಇರೋದು ನೆದರ್ಲೆಂಡ್ಸ್ ಸೇರಿ ಹಲವು ದೇಶಗಳಲ್ಲಿ ಕಂಡಿದೆ. ಅಗತ್ಯ ಇಲ್ಲದೇ "ಇರಲಿ ಒಂದು ಸಲ" ಅಂತ ಹೊಡಿಯೋದನ್ನ ನಿಲ್ಲಿಸೋಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಖರ್ಚಿನ ಲೆಕ್ಕಕ್ಕೆ ಹಳೇ ಟ್ರೈಅಜೋಲ್‌ಗಳ ಪೇಟೆಂಟ್ ಮುಗಿದು ಎಷ್ಟೋ ವರ್ಷ ಆಗಿರೋದ್ರಿಂದ ಅಂತರ್ವ್ಯಾಪಿ (ಗಿಡದೊಳಗೆ ಇಳಿಯೋ) ಔಷಧಿಗಳಲ್ಲಿ ಕೈಗೆಟುಕೋದು ಇವೇ.

ಸ್ಟ್ರೋಬಿಲುರಿನ್‌ಗಳು, ಕೋಡ್ 11

ಅಜಾಕ್ಸಿಸ್ಟ್ರೋಬಿನ್, ಟ್ರೈಫ್ಲಾಕ್ಸಿಸ್ಟ್ರೋಬಿನ್, ಪೈರಾಕ್ಲೋಸ್ಟ್ರೋಬಿನ್, ಕ್ರೆಸಾಕ್ಸಿಮ್ ಮಿಥೈಲ್. ಪೈನ್ ಮರದ ಕಾಯಿ ಮೇಲೆ ಬೆಳೆಯೋ ಸ್ಟ್ರೋಬಿಲುರಸ್ ಅನ್ನೋ ಸಣ್ಣ ಅಣಬೆ ತನ್ನ ಜಾಗಕ್ಕೆ ಬೇರೆ ಫಂಗಸ್ ಬರದಂಗೆ ಬಿಡೋ ವಸ್ತುವಿನಿಂದ ಹುಟ್ಟಿದ ಗುಂಪು ಇದು. ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ಉಸಿರಾಟದ ಸರಪಳಿಯ ಮೂರನೇ ಕಿಣ್ವ ಸಂಕೀರ್ಣವನ್ನ ನಿಲ್ಲಿಸುತ್ತೆ, ಶಕ್ತಿ ಹುಟ್ಟೋದು ನಿಲ್ಲುತ್ತೆ. ಬೀಜಕ ಮೊಳೆಯೋವಾಗ ಶಕ್ತಿ ಅತೀ ಜಾಸ್ತಿ ಬೇಕಾಗಿರೋದ್ರಿಂದ ಆ ಹೊತ್ತಲ್ಲಿ ಇದರ ಹೊಡೆತ ಜೋರು. ಹಾಗಾಗಿ ರೋಗ ಬರೋಕೆ ಮುಂಚೆ ಹೊಡೆದ್ರೆ ಇದರಷ್ಟು ಒಳ್ಳೇದು ಸಿಗೋದು ಕಷ್ಟ, ಬಂದ್ಮೇಲೆ ಹೊಡೆದ್ರೆ ಟ್ರೈಅಜೋಲ್‌ಗಿಂತ ಹಿಂದೆ. ನಿಜವಾದ ಶಿಲೀಂಧ್ರ, ಊಮೈಸೀಟ್ ಎರಡಕ್ಕೂ ನಡೆಯೋದು ಇದರ ಇನ್ನೊಂದು ಬಲ.

ಆದ್ರೆ ಇದರ ದೌರ್ಬಲ್ಯ ಭಯಂಕರ. ಸೈಟೊಕ್ರೋಮ್ ಬಿ ಅನ್ನೋ ಪ್ರೋಟೀನ್‌ನಲ್ಲಿ 143ನೇ ಜಾಗದ ಒಂದೇ ಒಂದು ಅಮೈನೊ ಆಮ್ಲ ಬದಲಾದ್ರೆ ಸಾಕು, ಔಷಧಿ ಪೂರ್ತಿ ಸೋತು ಹೋಗುತ್ತೆ, ಡೋಸ್ ಎಷ್ಟು ಏರಿಸಿದ್ರೂ ಪ್ರಯೋಜನ ಇಲ್ಲ. ಈ ಗುಂಪು ಮಾರುಕಟ್ಟೆಗೆ ಬಂದಿದ್ದು 1996ರಲ್ಲಿ, 1998ಕ್ಕೆಲ್ಲಾ ಜರ್ಮನಿಯಲ್ಲಿ ಗೋಧಿಯ ಬೂದಿ ರೋಗ ಇದಕ್ಕೆ ಬಗ್ಗದಂಗೆ ಆಗಿತ್ತು. ಅಜಾಕ್ಸಿಸ್ಟ್ರೋಬಿನ್ ಕೆಲಸ ಮಾಡ್ಲಿಲ್ಲ ಅಂತ ಟ್ರೈಫ್ಲಾಕ್ಸಿಸ್ಟ್ರೋಬಿನ್ ತಂದ್ರೆ ಅದೂ ಮಾಡಲ್ಲ, ಗುಂಪಿಗೆ ಗುಂಪೇ ಹೋಗುತ್ತೆ. ಗೋಧಿ ತುಕ್ಕು ರೋಗದಲ್ಲಿ ಮಾತ್ರ ಕಥೆ ಬೇರೆ, ಅದರ ಜೀನ್‌ನಲ್ಲಿ ಆ 143ರ ಪಕ್ಕದಲ್ಲೇ ಒಂದು ಇಂಟ್ರಾನ್ (ಪ್ರೋಟೀನ್ ತಯಾರಾಗೋಕೆ ಮುಂಚೆ ಕತ್ತರಿಸಿ ತೆಗೆಯಬೇಕಾದ ತುಂಡು) ಇರೋದ್ರಿಂದ ಆ ಬದಲಾವಣೆ ಆದ್ರೆ ಪ್ರೋಟೀನೇ ಸರಿಯಾಗಿ ತಯಾರಾಗಲ್ಲ, ಶಿಲೀಂಧ್ರ ಬದುಕಲ್ಲ, ಅದಕ್ಕೇ ಅಲ್ಲಿ ಈ ಗುಂಪು ಹೆಚ್ಚು ಕಾಲ ಬಾಳಿದೆ. ಬೂದಿ, ಡೌನಿಯಂಥ ಬೇಗ ಬೇಗ ತಲೆಮಾರು ಬದಲಾಗೋ ರೋಗಕ್ಕೆ ಇದೊಂದನ್ನೇ ನಂಬ್ಕೊಂಡು ಹೊಡಿಯೋದು ನನ್ನ ಪ್ರಕಾರ ಬೇಡವೇ ಬೇಡ.

ಗಿಡ ಹೆಚ್ಚು ದಿನ ಹಸಿರಾಗಿರುತ್ತೆ ಅಂತ ಇದನ್ನ ಟಾನಿಕ್ ಥರ ಮಾರೋದೂ ಇದೆ. ಧಾನ್ಯದ ಬೆಳೆಗಳಲ್ಲಿ ಎಲೆ ಹಸಿರು ನಿಲ್ಲೋದು ನಿಜ, ಆದ್ರೆ ರೋಗ ಇಲ್ಲದ ಹೊಲಕ್ಕೆ ಅದಕ್ಕೋಸ್ಕರ ಹೊಡೆದು ರೆಸಿಸ್ಟೆನ್ಸ್‌ಗೆ ದಾರಿ ಮಾಡೋದು ಸರಿಯಲ್ಲ. ಸೇಬಿನ ಕೆಲವು ತಳಿಗಳಿಗೆ ಅಜಾಕ್ಸಿಸ್ಟ್ರೋಬಿನ್ ಎಲೆ ಸುಡುತ್ತೆ, ಬೇರೆ ಬೆಳೆಗೆ ಹೊಡೆದ ಪಂಪನ್ನೂ ಸೇಬಿಗೆ ಬಳಸಬೇಡಿ ಅನ್ನೋವಷ್ಟು. ಮೀನು ಮತ್ತು ನೀರಿನ ಸಣ್ಣ ಜೀವಿಗಳಿಗೆ ಇದು ವಿಷ, ಕೆರೆ ಕಾಲುವೆ ಪಕ್ಕದ ಹೊಲದವರು ಇದನ್ನ ಲೆಕ್ಕಕ್ಕೆ ತಗೊಳ್ಳಿ.

ಎಸ್‌ಡಿಎಚ್‌ಐ, ಕೋಡ್ 7

ಇದೂ ಉಸಿರಾಟದ ಸರಪಳಿಗೇ ಹೊಡಿಯೋದು, ಆದ್ರೆ ಎರಡನೇ ಸಂಕೀರ್ಣಕ್ಕೆ, ಸಕ್ಸಿನೇಟ್ ಡಿಹೈಡ್ರೋಜನೇಸ್ ಅನ್ನೋ ಕಿಣ್ವಕ್ಕೆ. ಹೊಸದು ಅಂತಾರೆ, ಮೂಲ ಹಳೇದು, ಬೀಜೋಪಚಾರಕ್ಕೆ ಕಾಡಿಗೆ ರೋಗಕ್ಕೆ ಬಳಸೋ ಕಾರ್ಬಾಕ್ಸಿನ್ 1960ರ ದಶಕದ್ದು, ಅದೂ ಇದೇ ಗುಂಪು. 2003ರಲ್ಲಿ ಬಾಸ್ಕಲಿಡ್ ಬಂದ್ಮೇಲೆ ಫ್ಲುವೊಪೈರಮ್, ಫ್ಲಕ್ಸಾಪೈರೊಕ್ಸಾಡ್, ಪೆಂಥಿಯೊಪೈರಾಡ್ ಹೀಗೆ ಸಾಲಾಗಿ ಬಂದ್ವು, ಹರವು ದೊಡ್ಡದಾಯ್ತು. ಬೂದಿ ರೋಗ, ಬೊಟ್ರೈಟಿಸ್ (ಹೂವು ಹಣ್ಣಿಗೆ ಬರೋ ಬೂದು ಬೂಜು), ಆಲ್ಟರ್ನೇರಿಯಾ ಎಲೆಚುಕ್ಕೆಗೆ ಚೆನ್ನಾಗಿ ನಡೆಯುತ್ತೆ, ಹಿಡಿತ ಹೆಚ್ಚು ದಿನ ಇರುತ್ತೆ. ಡೌನಿ, ತಡ ಅಂಗಮಾರಿಗೆ ತರಬೇಡಿ.

ರೆಸಿಸ್ಟೆನ್ಸ್ ಅಪಾಯ ಮಧ್ಯಮದಿಂದ ಹೆಚ್ಚು. ವಿಶೇಷ ಅಂದ್ರೆ ಇಲ್ಲಿ ಯಾವ ಮ್ಯುಟೇಶನ್ (ಜೀನ್ ಬದಲಾವಣೆ) ಆಗಿದೆ ಅನ್ನೋದರ ಮೇಲೆ ಒಂದು ಸೋತ್ರೂ ಇನ್ನೊಂದು ಗೆಲ್ಲಬಹುದು, ಬೊಟ್ರೈಟಿಸ್‌ನಲ್ಲಿ ಬಾಸ್ಕಲಿಡ್‌ಗೆ ಬಗ್ಗದ ಕೆಲವು ತಳಿಗಳು ಫ್ಲುವೊಪೈರಮ್‌ಗೆ ಬಗ್ಗುತ್ತವೆ. ಅದನ್ನ ಲ್ಯಾಬ್ ಟೆಸ್ಟ್ ಇಲ್ಲದೆ ಹೊಲದಲ್ಲಿ ನಿಂತು ಹೇಳೋಕಾಗಲ್ಲ, ಹಾಗಾಗಿ ಎಲ್ಲಾನೂ ಒಂದೇ ಗುಂಪು ಅಂತಲೇ ಇಟ್ಕೊಳ್ಳೋದು ಸುರಕ್ಷಿತ. ಬೆಲೆ ಜಾಸ್ತಿ. ದ್ರಾಕ್ಷಿ, ಸ್ಟ್ರಾಬೆರಿ, ಪಾಲಿಹೌಸ್ ತರಕಾರಿಯಂಥ ಬೆಳೆಗೆ, ಅದೂ ಹೂವು ಕಾಯಿ ಕಟ್ಟೋ ಸೂಕ್ಷ್ಮ ಸಮಯಕ್ಕೆ ಒಂದೆರಡು ಸಲ ಮಾತ್ರ ಇಟ್ಕೊಂಡ್ರೆ ಆ ದುಡ್ಡು ವಾಪಸ್ ಬರುತ್ತೆ, ಮೊದಲಿಂದ ಕೊನೇವರೆಗೂ ಇದನ್ನೇ ಹೊಡಿಯೋಕೆ ಹೋದ್ರೆ ಜೇಬೂ ಖಾಲಿ ಔಷಧಿನೂ ಖಾಲಿ.

ಊಮೈಸೀಟ್‌ಗೆ ಅಂತಲೇ ಇರೋವು

ಮೆಟಲಾಕ್ಸಿಲ್ ಆರ್‌ಎನ್‌ಎ ತಯಾರಿಸೋ ಪಾಲಿಮರೇಸ್ ಕಿಣ್ವವನ್ನ ನಿಲ್ಲಿಸುತ್ತೆ, ಗಿಡದೊಳಗೆ ಚೆನ್ನಾಗಿ ಓಡಾಡುತ್ತೆ, ಬೆಲೆಯೂ ಹಗುರ. ಆದ್ರೆ 1970ರ ದಶಕದ ಕೊನೆಗೆ ಬಂದು 1980ಕ್ಕೇ ಐರ್ಲೆಂಡ್, ನೆದರ್ಲೆಂಡ್ಸ್ ಆಲೂಗಡ್ಡೆ ಹೊಲಗಳಲ್ಲಿ ಸೋತಿತ್ತು, ಹಾಗಾಗಿ ಒಂಟಿಯಾಗಿ ಎಲೆಗೆ ಹೊಡೀಬೇಡಿ, ಮ್ಯಾಂಕೊಜೆಬ್ ಜೊತೆ ಸೇರಿದ್ದೇ ತಗೊಳ್ಳಿ. ಡೈಮೆಥೊಮಾರ್ಫ್, ಮ್ಯಾಂಡಿಪ್ರೊಪಮಿಡ್ ಸೆಲ್ಯುಲೋಸ್ ತಯಾರಿಸೋ ಕಿಣ್ವಕ್ಕೆ ಅಡ್ಡ ಬರುತ್ತೆ, ರೆಸಿಸ್ಟೆನ್ಸ್ ಮೆಟಲಾಕ್ಸಿಲ್‌ನಷ್ಟು ಬೇಗ ಬರಲ್ಲ, ಆದ್ರೆ ಪಿಥಿಯಂಗೆ ಇವು ನಡೆಯಲ್ಲ. ಸಯಾಜೊಫಮಿಡ್ ಮೂರನೇ ಸಂಕೀರ್ಣದಲ್ಲೇ ಸ್ಟ್ರೋಬಿಲುರಿನ್ ಕೂರೋ ಜಾಗ ಬಿಟ್ಟು ಬೇರೆ ಕಡೆ ಕೂರೋದ್ರಿಂದ 143ರ ಬದಲಾವಣೆ ಆಗಿರೋ ಡೌನಿಗೂ ಕೆಲಸ ಮಾಡುತ್ತೆ, ಮುಂಚಿತವಾಗಿ ಹೊಡೀಬೇಕು ಅಷ್ಟೆ.

ಭತ್ತದವರಿಗೆ ಎರಡು ವಿಚಿತ್ರ ಔಷಧಿಗಳು

ಟ್ರೈಸೈಕ್ಲಜೋಲ್ ಬೆಂಕಿ ರೋಗದ ಶಿಲೀಂಧ್ರವನ್ನ ಕೊಲ್ಲೋದೇ ಇಲ್ಲ. ಆ ಶಿಲೀಂಧ್ರ ಎಲೆ ಮೇಲೆ ಕೂತು ಗುಮ್ಮಟದ ಥರ ಒಂದು ಕೋಶ ಕಟ್ಕೊಂಡು, ಅದರ ಗೋಡೆಗೆ ಕಪ್ಪು ಮೆಲನಿನ್ ಬಳ್ಕೊಂಡು, ಒಳಗೆ ಸುಮಾರು 8 ಮೆಗಾಪಾಸ್ಕಲ್‌ವರೆಗೂ, ಅಂದ್ರೆ ಗಾಳಿಯ ಒತ್ತಡದ ಹತ್ತಿರ ಹತ್ತಿರ 80 ಪಟ್ಟು ಒತ್ತಡ ತುಂಬ್ಕೊಂಡು ಎಲೆಯನ್ನ ಚುಚ್ಚುತ್ತೆ. ಟ್ರೈಸೈಕ್ಲಜೋಲ್ ಮೆಲನಿನ್ ತಯಾರಿಸೋ ಒಂದು ರಿಡಕ್ಟೇಸ್ ಕಿಣ್ವವನ್ನ ತಡೆಯುತ್ತೆ, ಮೆಲನಿನ್ ಇಲ್ಲದ ಗೋಡೆ ಒತ್ತಡ ಹಿಡಿಯಲ್ಲ, ಚುಚ್ಚೋಕಾಗಲ್ಲ, ಹೊರಗೇ ಉಳಿಯುತ್ತೆ. ಹಾಗಾಗಿ ಮಚ್ಚೆ ಬಿದ್ದ ಎಲೆ ಗುಣ ಆಗುತ್ತೆ ಅಂತ ಹೊಡೀಬೇಡಿ, ತೆನೆ ಹೊರಬರೋಕೆ ಮುಂಚೆ ಹೊಡಿಯೋದಕ್ಕೆ ಅರ್ಥ ಇದೆ. ರೆಸಿಸ್ಟೆನ್ಸ್ ಲೆಕ್ಕದಲ್ಲಿ ದಶಕಗಟ್ಟಲೆ ನಿಂತಿರೋ ಔಷಧಿ ಇದು. ಅದೇ ಮೆಲನಿನ್ ದಾರಿಯ ಬೇರೆ ಕಿಣ್ವ ಹಿಡಿಯೋ ಕಾರ್ಪ್ರೊಪಮಿಡ್ ಜಪಾನಿನಲ್ಲಿ ಕೆಲವೇ ವರ್ಷಕ್ಕೆ, 2001ರ ಹೊತ್ತಿಗೆ ಸೋಲೋಕೆ ಶುರುವಾಯ್ತು. ಆದ್ರೆ ಅಕ್ಕಿ ಎಕ್ಸ್‌ಪೋರ್ಟ್ ಆಗೋದಾದ್ರೆ ನೆನಪಿಡಿ, ಯೂರೋಪಿಯನ್ ಯೂನಿಯನ್ ಟ್ರೈಸೈಕ್ಲಜೋಲ್ ಶೇಷದ ಮಿತಿಯನ್ನ ಕೆಜಿಗೆ 1 ಮಿಲಿಗ್ರಾಮ್‌ನಿಂದ 0.01ಕ್ಕೆ ಇಳಿಸಿದೆ.

ಕವಚದ ಅಂಗಮಾರಿಗೆ ವ್ಯಾಲಿಡಮೈಸಿನ್ ಇದೆ. ಇದು ಆ ರೋಗ ತರೋ ರೈಜೊಕ್ಟೋನಿಯಾ ಶಿಲೀಂಧ್ರದ ಟ್ರೆಹಲೇಸ್ ಕಿಣ್ವವನ್ನ ತಡೆಯುತ್ತೆ, ಶೇಖರಿಸಿದ ಸಕ್ಕರೆಯನ್ನ ಒಡೆದು ಬಳಸೋಕಾಗದೆ ಎಳೆ ಮುಂದಕ್ಕೆ ಹಬ್ಬೋದು ನಿಲ್ಲುತ್ತೆ. ಹರವು ಸಣ್ಣದು, ಬೇರೆ ರೋಗಕ್ಕೆ ನಂಬೋಕಾಗಲ್ಲ, ಆ ರೋಗಕ್ಕೆ ಮಾತ್ರ ಚೆನ್ನಾಗಿದೆ, ಪ್ರಾಣಿಗಳಿಗೆ ವಿಷ ಕಮ್ಮಿ.

ಗಂಧಕ, ತಾಮ್ರ, ಮ್ಯಾಂಕೊಜೆಬ್

ಇವು ಒಂದು ಕಿಣ್ವಕ್ಕೆ ಅಲ್ಲ, ಹಲವಾರು ಕಿಣ್ವಗಳಿಗೆ ಒಟ್ಟಿಗೆ ಹೊಡಿಯೋವು, ಅಷ್ಟು ಕಡೆ ಒಟ್ಟಿಗೆ ಬದಲಾಗೋದು ಶಿಲೀಂಧ್ರಕ್ಕೆ ಸುಲಭ ಅಲ್ಲ, ಹಾಗಾಗಿ ತಾಮ್ರದ ಬೋರ್ಡೋ ದ್ರಾವಣ 1880ರ ದಶಕದಿಂದ ಇವತ್ತಿನವರೆಗೂ ನಡೀತಿದೆ. ಎಲೆಯೊಳಗೆ ಇಳಿಯಲ್ಲ, ಮೇಲೇ ಇರುತ್ತೆ, ಅದಕ್ಕೇ ಸ್ಪರ್ಶ ಔಷಧಿ ಅನ್ನೋದು, ಮಳೆಗೆ ತೊಳೆದು ಹೋಗುತ್ತೆ, ಹೊಸ ಎಲೆಗೆ ಮತ್ತೆ ಹೊಡೀಬೇಕು, ಅಂದ್ರೆ ಔಷಧಿ ಅಗ್ಗ ಕೂಲಿ ಜಾಸ್ತಿ. ಗಂಧಕ ಬೂದಿ ರೋಗಕ್ಕೆ ಒಳ್ಳೇದು, 32 ಡಿಗ್ರಿ ದಾಟಿದ ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡುತ್ತೆ. ಮ್ಯಾಂಕೊಜೆಬ್ ಅನುಮತಿಯನ್ನ ಯೂರೋಪಿಯನ್ ಯೂನಿಯನ್ 2020ರ ಕೊನೆಯಲ್ಲಿ ನವೀಕರಿಸಲಿಲ್ಲ, ಎಕ್ಸ್‌ಪೋರ್ಟ್ ಬೆಳೆಗಾರರು ಇದನ್ನೂ ವಿಚಾರಿಸ್ಕೊಳ್ಳಿ.

ರೆಡಿಮಿಕ್ಸ್ ತಗೊಳ್ಳೋದಾ

ತಗೊಳ್ಳಬಹುದು, ಆದ್ರೆ ಇಲ್ಲೇ ಜನ ಜಾಸ್ತಿ ಎಡವೋದು. ಮೊದಲ ಸಲ ಅಜಾಕ್ಸಿಸ್ಟ್ರೋಬಿನ್ ಜೊತೆ ಟೆಬುಕೊನಜೋಲ್ ಇರೋದು ಹೊಡೆದು, ಎರಡನೇ ಸಲ "ಔಷಧಿ ಬದಲಾಯಿಸ್ತೀನಿ" ಅಂತ ಟ್ರೈಫ್ಲಾಕ್ಸಿಸ್ಟ್ರೋಬಿನ್ ಜೊತೆ ಡೈಫೆನೊಕೊನಜೋಲ್ ತಂದ್ರೆ ಚೀಟಿಲಿ ನಂಬರ್ ಬರೆದು ನೋಡಿ, 11 ಮತ್ತು 3, ಮತ್ತೆ 11 ಮತ್ತು 3. ಕಂಪನಿ ಬೇರೆ, ಬಣ್ಣ ಬೇರೆ, ಔಷಧಿ ಅದೇ. ಅಷ್ಟೇ ಅಲ್ಲ, ನಿಮ್ಮ ಭಾಗದ ಬೂದಿ ರೋಗ ಈಗಾಗಲೇ 11ಕ್ಕೆ ಬಗ್ಗಲ್ಲ ಅಂದ್ರೆ ಆ ಮಿಕ್ಸಲ್ಲಿ ದುಡಿಯೋದು ಟ್ರೈಅಜೋಲ್ ಒಂದೇ, ಇನ್ನೊಂದಕ್ಕೆ ಸುಮ್ಮನೆ ದುಡ್ಡು. ಎರಡೂ ಭಾಗ ನಿಮ್ಮ ರೋಗಕ್ಕೆ ಬೇರೆ ಬೇರೆಯಾಗಿ ಹೊಡೆದ್ರೂ ಕೆಲಸ ಮಾಡೋವಂಥದ್ದು ಇದ್ರೆ ಮಾತ್ರ ಮಿಕ್ಸಿಗೆ ಅರ್ಥ.

ಹಾಗಾದ್ರೆ ಯಾರಿಗೆ ಯಾವುದು

ಕೈಯಲ್ಲಿ ದುಡ್ಡು ಕಮ್ಮಿ, ಬೂದಿ ಇಲ್ಲಾ ಎಲೆಚುಕ್ಕೆ ಪ್ರತಿ ವರ್ಷ ಬರುತ್ತೆ ಅನ್ನೋರಿಗೆ ನಾನು ಹೇಳೋದು, ಶುರುವಿಗೆ ಬೂದಿಗಾದ್ರೆ ಗಂಧಕ, ಎಲೆಚುಕ್ಕೆಗಾದ್ರೆ ಮ್ಯಾಂಕೊಜೆಬ್, ಮೊದಲ ಮಚ್ಚೆ ಕಂಡ ಕೂಡಲೇ ಪೂರ್ತಿ ಡೋಸಲ್ಲಿ ಒಂದು ಟ್ರೈಅಜೋಲ್, ಆಮೇಲೆ ಮತ್ತೆ ಸ್ಪರ್ಶ ಔಷಧಿ. ದುಬಾರಿ ಹಣ್ಣು ತರಕಾರಿ ಬೆಳೆಯೋರು 7 ಮತ್ತು 3ರ ಗುಂಪುಗಳನ್ನ ಒಂದಾದ ಮೇಲೊಂದು ಬದಲಾಯಿಸಿ, ಮಧ್ಯೆ ಮಧ್ಯೆ ಸ್ಪರ್ಶ ಔಷಧಿ ಇಟ್ಕೊಳ್ಳಿ, 11ನ್ನ ಮಿಕ್ಸಲ್ಲಿ ಮಾತ್ರ, ಅದೂ ಲೇಬಲ್ ಹೇಳಿದ ಸಲಕ್ಕಿಂತ ಜಾಸ್ತಿ ಬೇಡ. ಮಳೆ ಹಿಡಿದ್ರೆ ಬಿಡದ ಜಾಗದಲ್ಲಿ ಡೌನಿ, ತಡ ಅಂಗಮಾರಿ ಕಾಟ ಇರೋರಿಗೆ ಮಳೆಗೆ ಮುಂಚೆ ಮ್ಯಾಂಕೊಜೆಬ್ ಇಲ್ಲಾ ತಾಮ್ರ, ಒತ್ತಡ ಜಾಸ್ತಿ ಆದಾಗ ಡೈಮೆಥೊಮಾರ್ಫ್ ಅಥವಾ ಸಯಾಜೊಫಮಿಡ್, ಮೆಟಲಾಕ್ಸಿಲ್ ಮಿಕ್ಸ್ ಗಿಡ ಎಳೇದಿದ್ದು ಬೇಗ ಬೆಳೀತಿರೋವಾಗ ಒಂದು ಸಲ. ಕೊಯ್ಲು ಹತ್ತಿರ ಇದ್ರೆ ಮೊದಲು ಲೇಬಲ್ಲಲ್ಲಿ ಕಾಯೋ ದಿನ ನೋಡಿ, ಒಂದೇ ಗುಂಪಿನ ಎರಡು ಔಷಧಿಗೂ ಬೆಳೆಯಿಂದ ಬೆಳೆಗೂ ಆ ದಿನಗಳು ಬೇರೆ ಬೇರೆ ಇರುತ್ತೆ. ಆ ಬೆಳೆಯ ಹೆಸರೇ ಲೇಬಲ್ಲಲ್ಲಿ ಇಲ್ಲ ಅಂದ್ರೆ ತಗೊಳ್ಳಲೇಬೇಡಿ.

ಹೊಡೆದ್ಮೇಲೂ ರೋಗ ನಿಲ್ಲಲಿಲ್ಲ ಅಂದ್ರೆ ತಕ್ಷಣ ಡೋಸ್ ಡಬಲ್ ಮಾಡೋಕೆ ಹೋಗ್ಬೇಡಿ. ರೋಗ ಗುರುತಿಸಿದ್ದು ಸರಿಯಾ, ಎಲೆ ಕೆಳಗಡೆಗೂ ದ್ರಾವಣ ತಾಗಿದೆಯಾ, ಹೊಡೆದ ಒಂದೆರಡು ಗಂಟೆಗೇ ಮಳೆ ಬಂತಾ, ಡಬ್ಬಿ ಹಳೇದಾ ಅಂತ ನೋಡಿ. ಇದೆಲ್ಲ ಸರಿ ಇದ್ದೂ ಒಂದೇ ಹೊಲದಲ್ಲಿ ಚೆನ್ನಾಗಿ ನೆನೆದ ಗಿಡಗಳಲ್ಲೇ ರೋಗ ಮುಂದುವರೀತಿದ್ರೆ ರೆಸಿಸ್ಟೆನ್ಸ್ ಅಂತ ಅನುಮಾನ ಪಡಿ, ಆ ಕೋಡ್ ನಂಬರ್‌ನ ಔಷಧಿ ಈ ಬೆಳೆ ಮುಗಿಯೋವರೆಗೂ ಮುಟ್ಟಬೇಡಿ, ಆ ಗಿಡಗಳ ಎಲೆ ಕಿತ್ತು ಹತ್ತಿರದ ಸಸ್ಯರೋಗ ತಜ್ಞರಿಗೆ ತೋರಿಸಿ, ಜೊತೆಗೆ ಯಾವ ದಿನ ಯಾವ ನಂಬರ್ ಹೊಡೆದಿದ್ರಿ ಅಂತ ಬರೆದಿಟ್ಟ ಚೀಟಿನೂ ಕೊಡಿ.